ಅಜ್ಜನ ಹೆಸರಿನ ಮೊಮ್ಮಗ

“ರಕ್ತ ಕೊಡಾಕ ತಯಾರ ಅದೀನ್ರಿ, ಆದ್ರ ನನಗ ಎಂಬತ್ತೆರಡು ತುಂಬ್ಯಾವು. ಮೊಮ್ಮಗನ್ನ ಕಳಸ್ಲೇನ್ರಿ?” ಎಂದು ಶಿರಗುಪ್ಪಿಯ ಅಜ್ಜ ಫೋನಿನಲ್ಲಿ ಕೇಳಿದಾಗ ನಾನು ತಬ್ಬಿಬ್ಬಾದೆ.

ಅಥಣಿಯ ಆಸ್ಪತ್ರೆಯಲ್ಲಿ ಬಾಣಂತಿಯೊಬ್ಬರಿಗೆ ತುರ್ತಾಗಿ ರಕ್ತ ಬೇಕಿತ್ತು. ನಮ್ಮ ರಕ್ತದಾನಿಗಳ ಸಂಘದ ಕಂಪ್ಯೂಟರಿನಲ್ಲಿ ಅವರ ರಕ್ತದ ಗುಂಪಿಗೆ ಸಿಕ್ಕಿದ್ದು ಇದೊಂದೇ ಹೆಸರು. ನಮ್ಮ ಕಡೆ ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ರೂಢಿ. ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸಲು ಪುಣೆಯಿಂದ ಕರೆಸಿದ್ದ ತಜ್ಞರು, ಹೆಸರು, ಅಡ್ಡಹೆಸರು, ಊರು ಒಂದೇ ಇದ್ದವರನ್ನೆಲ್ಲ ಒಬ್ಬರೇ ಎಂದು ತಿಳಿದು ಸೇರಿಸಿಬಿಟ್ಟಿದ್ದರು. ಈ ಅಜ್ಜ, ಮೊಮ್ಮಗ ಇಬ್ಬರ ರಕ್ತದ ಗುಂಪೂ ಒಂದೇ ಆಗಿತ್ತು. ಸಂಘದ ಹಳೆಯ ಸದಸ್ಯರಾದ ಅಜ್ಜನ ನಂಬರು ಉಳಿದು, ಮೊಮ್ಮಗನದು ಅಳಿಸಿಹೋಗಿತ್ತು.

ಪುಣ್ಯಕ್ಕೆ ಮೊಮ್ಮಗ ಮನೆಯಲ್ಲೇ ಇದ್ದ. ಬೈಕ್ ಮೇಲೆ ಬಂದು ರಕ್ತ ಕೊಟ್ಟ. ಬಾಣಂತಿ ಚೇತರಿಸಿಕೊಂಡರು. ತಜ್ಞರಿಗೆ ಫೋನ್ ಮಾಡಿದರೆ, ಮುಂದಿನ ತಿಂಗಳು ಬಂದು ಸರಿಪಡಿಸುತ್ತೇವೆ ಎಂದರು. ದಾನಿಗಳ ರಿಜಿಸ್ಟರನ್ನು ವರ್ಷಗಟ್ಟಲೆ ಕೈಯಿಂದ ಬರೆದಿದ್ದ ನಮ್ಮ ಶೋಭಕ್ಕ ಮೆಲ್ಲಗೆ, “ಆ ಕಂಪ್ಯೂಟರ್ ಕೆಲಸ ನನಗ ಕಲಿಸ್ರಿ ಸರ. ಯಾರ ಮೊಮ್ಮಗ ಯಾರಂತ ಪುಣೆದವ್ರಿಗೆ ಹ್ಯಾಂಗ ಗೊತ್ತಾಗ್ಬೇಕು?” ಎಂದರು.

ಈಗ ಆ ಪಟ್ಟಿ ಶೋಭಕ್ಕನ ಕೈಯಲ್ಲೇ ಇದೆ. ಮೊದಲ ಸಲ ಪಟ್ಟಿ ಏರಿಸಲು ತಜ್ಞರು ಬಂದು ಕೂತಿದ್ದ ಎರಡು ದಿನ ಶೋಭಕ್ಕನನ್ನು ಕಂಪ್ಯೂಟರಿನ ಹತ್ತಿರವೂ ಕರೆಯದೆ, ಚಹಾ ತರಲು ಕಳಿಸಿದವನು ನಾನೇ.