ಅಜ್ಜ ಬರೆದ ಹೆಸರನ್ನು ಕೆರೆದ ಲೆನೋರ್

ಬೆಳಗಿನ ಜಾವ. ಬೆಲ್ ಕ್ರೀಕ್ ಅಗ್ನಿಶಾಮಕ ಠಾಣೆಯ ಕಿಟಕಿ ಬಾಗಿಲುಗಳನ್ನೆಲ್ಲ ಲೆನೋರ್ ಶಾಂಟ್ಸ್ ಮುಚ್ಚಿಸಿದ್ದಾರೆ. ಫ್ಯಾನ್ ಹಾಕುವಂತಿಲ್ಲ, ಸೀನುವಂತಿಲ್ಲ. ಚಿನ್ನದ ರೇಕು ಉಸಿರು ತಾಗಿದರೂ ಹಾರಿಹೋಗುತ್ತದೆ! ಎಪ್ಪತ್ನಾಲ್ಕರ ಈ ಹೆಂಗಸು ಅಗಲವಾದ ಕುಂಚವನ್ನು ಕೆನ್ನೆಗೊಮ್ಮೆ ಸವರಿಕೊಳ್ಳುತ್ತಾರೆ. ಕುಂಚಕ್ಕೆ ಹತ್ತಿದ ಚರ್ಮದ ಜಿಡ್ಡಿಗೆ ರೇಕು ಅಂಟಿಕೊಂಡು ಮೇಲೇಳುತ್ತದೆ. ಕೆನ್ನೆಯೂ ಮಿನುಗುತ್ತದೆ.

"ಮದುವೆ ಯಾವತ್ತು ಲೆನೋರ್?" ಎನ್ನುತ್ತಾರೆ ಠಾಣೆಯ ಮುಖ್ಯಸ್ಥ ಡ್ವೇನ್.

"ನೀನು ಬಾಯಿ ಮುಚ್ಚಿದ ದಿನ. ಆಚೆ ಹೋಗಿ ಕಾಫಿ ಕುಡಿ."

ಎದುರಿಗಿರುವುದು ಟ್ರಾಸ್ಕ್ ಅಂಡ್ ಓಲ್ನಿ ಕಂಪನಿಯ 1912ರ, ಬೆಂಕಿ ಆರಿಸುವ ಬಂಡಿ. ಇದೇ ಊರಲ್ಲಿ ಹುಟ್ಟಿದ ಕಂಪನಿಯದು, ಉಳಿದಿರುವ ಕೊನೆಯದು. ಕೈಪಂಪಿನಿಂದ ಶುರುಮಾಡಿದ ಟ್ರಾಸ್ಕ್‌ನವರು ಕುದುರೆ ಎಳೆಯುವ ಉಗಿಯಂತ್ರ ಮಾಡಿ ಮೆರೆದರು. ಮೋಟಾರು ಬಂದಾಗಲೂ ಉಗಿಯ ಮೋಹ ಬಿಡಲಿಲ್ಲ. ಕುದುರೆಗಳನ್ನು ಬಿಚ್ಚಿ ಅದೇ ಜಾಗಕ್ಕೆ ಮೋಟಾರು ಕಟ್ಟಿದರು. ನೀರೆತ್ತಲು ಅದೇ ಹಳೇ ಬಾಯ್ಲರ್. ಬೇರೆ ಕಂಪನಿಗಳು ಒಂದೇ ಮೋಟಾರಿನಲ್ಲಿ ಬಂಡಿಯನ್ನೂ ಓಡಿಸಿ ನೀರನ್ನೂ ಎತ್ತಿದವು. ಟ್ರಾಸ್ಕ್ ಮುಳುಗಿತು.

"ಕುದುರೆ ಹೋಯ್ತು, ಹೊಗೆ ಉಳೀತು ಅಂತ ಅಜ್ಜ ನಗ್ತಿದ್ರು. ಕಾರ್ಖಾನೆಗೆ ಬೀಗ ಬಿದ್ಮೇಲೆ ನಗೋದು ಬಿಟ್ರು. ಮಾಂಸದಂಗಡಿಗಳಿಗೆ ಬೋರ್ಡ್ ಬರೆದ್ರು," ನೋಡಲು ಬಂದ ನನಗೆ ಹೇಳುತ್ತಾರೆ ಲೆನೋರ್.

ಈ ಬಂಡಿಯ ಮೇಲೆ ಚಿನ್ನದಲ್ಲಿ ಕಂಪನಿಯ ಹೆಸರು ಬರೆದದ್ದು ಟ್ರಾಸ್ಕ್‌ನಲ್ಲಿ ಕೆಲಸಕ್ಕಿದ್ದ ಆ ಅಜ್ಜನೇ. ಸುತ್ತಲಿನ ಬಳ್ಳಿ, ಎಲೆಗಳೂ ಅವರವೇ. ಈಗ ಬೆಂಕಿ ಆರಿಸಲು ಬರುವ ಸ್ವಯಂಸೇವಕರೇ ಊರಲ್ಲಿಲ್ಲ. ಠಾಣೆ ಮುಚ್ಚುತ್ತಿದೆ, ಬಂಡಿ ದೂರದ ಒಂದು ಹೋಟೆಲಿಗೆ ಮಾರಾಟವಾಗಿದೆ. ಬಾಗಿಲಲ್ಲಿ ನಿಲ್ಲಿಸುತ್ತಾರಂತೆ. ಅದರ ಮೇಲೆ ಹೋಟೆಲಿನ ಹೆಸರೇ ಇರಬೇಕಂತೆ.

"ನೀವು ಮಾಡದಿದ್ರೆ ಮರಳು ಊದಿ ಪೂರ್ತಿ ಬಣ್ಣ ತೆಗೀತೀವಿ ಅಂದ್ರು ಹೋಟೆಲಿನೋರು," ಡ್ವೇನ್ ನೆಲ ನೋಡುತ್ತಾರೆ. "ಬಳ್ಳಿಯಾದ್ರೂ ಉಳೀಲಿ ಅಂತ ಇವರು ಒಪ್ಕೊಂಡ್ರು."

ಹಾಗಾಗಿ ನಿನ್ನೆ ಲೆನೋರ್ ತಾವೇ ಕೂತು ಅಜ್ಜನ ಅಕ್ಷರಗಳನ್ನು ಕೆರೆದಿದ್ದಾರೆ. "ಒಂದು ಬೆಳಗ್ಗೆನೂ ಹಿಡೀಲಿಲ್ಲ ಕಣೇ. ಅಜ್ಜ ವಾರಗಟ್ಟಲೆ ಬರೆದಿದ್ರು."

ಬಲಗೈ ನಡುಗುತ್ತದೆ. ಎಡಗೈಯಿಂದ ಮಣಿಕಟ್ಟು ಹಿಡಿದು ಬರೆಯುತ್ತಾರೆ. ದಿನಕ್ಕೆ ನಾಲ್ಕು ಅಕ್ಷರ, ಹೆಚ್ಚಿಲ್ಲ. ರೇಕು ಕೂರಿಸುವ ಮೊದಲು, ಅಕ್ಷರ ಬರೆದ ಅಂಟು ಹದಕ್ಕೆ ಬಂದಿದೆಯೇ ಎಂದು ಬೆರಳಿನ ಗೆಣ್ಣು ತಾಗಿಸಿ ನೋಡುತ್ತಾರೆ. ಹಸಿಯಿದ್ದರೆ ಹೊಳಪು ಸಾಯುತ್ತದೆ.

"ಸಾಯ್ಲಿ ಬಿಡಿ, ಹೋಟೆಲಿನೋರ ಹೆಸರು ತಾನೆ," ಡ್ವೇನ್ ಸಿಡುಕುತ್ತಾರೆ.

"ಅಜ್ಜನ ಬಳ್ಳಿ ಪಕ್ಕದಲ್ಲಿ ಕೆಟ್ಟ ಅಕ್ಷರಾನಾ? ನನ್ನ ಕೈಲಾಗಲ್ಲ."

ಹೊಸ ಹೆಸರಿನ ಮೊದಲಕ್ಷರ ಬೆಳಕಿಗೆ ಉರಿಯುವಂತೆ ಹೊಳೆಯುತ್ತಿದೆ. ಅಷ್ಟು ಚಂದ! ನಾನು ಹಾಗೆ ಹೇಳಿದ್ದಕ್ಕೆ ಲೆನೋರ್ ಕುಂಚ ಕೆಳಗಿಡುತ್ತಾರೆ.

"ಅಲ್ಲಿ ಊಟಕ್ಕೆ ಬಂದೋರೂ ಹಂಗೇ ಅಂತಾರೆ. ಆಗ ನಾನು ಅಲ್ಲಿರಬಾರ್ದು. ಅಷ್ಟೇ ನನ್ನಾಸೆ."