ಟೈಲರಮ್ಮನ ಕಣ್ಣು ಹೋದ ಕಡೆ

ಐವತ್ತು ದಾಟಿದ ಟೈಲರಮ್ಮ ಬೈಕು ಕಲಿಯಲು ಹೊರಟಾಗ ಬೀದಿಯೆಲ್ಲ ಮುಸಿಮುಸಿ ನಕ್ಕಿತು. ಬಾಯಿಬಿಟ್ಟು ನಕ್ಕವನು ಒಬ್ಬನೇ, ಅವಳ ಗಂಡ. ಸಂಜೆಯಾದರೆ ಸಾಕು, ಗೇಟಿನ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಡಲೆಕಾಯಿ ಬಿಡಿಸುತ್ತ, "ಇವಳಿಗೆ ಎರಡು ಚಕ್ರ ಎಲ್ಲಿ ಸಾಕಾಗುತ್ತೆ? ಆಚೆಗೊಂದು ಈಚೆಗೊಂದು ಜೋಡಿಸ್ಬೇಕು" ಎಂದು ಹೋಗಿಬರುವವರಿಗೆಲ್ಲ ವೀಕ್ಷಕ ವಿವರಣೆ ಕೊಡುತ್ತಿದ್ದ.

ಕಲಿಸುತ್ತಿದ್ದವಳು ಸೊಸೆ, ಬೈಕಿನಲ್ಲೇ ಆಸ್ಪತ್ರೆಗೆ ಹೋಗಿಬರುವ ನರ್ಸು. ಕ್ಲಚ್ಚು, ಗೇರು ಅತ್ತೆಗೆ ಬೇಗ ಒಗ್ಗಿದವು. ಹೊಲಿಗೆ ಮಷಿನ್ನಿಗೆ ಪಳಗಿದ ಕೈಕಾಲಲ್ಲವೇ? ಆದರೆ ಬೀದಿ ಕೊನೆಯ ಕಸದ ತೊಟ್ಟಿಗೆ ಮಾತ್ರ ದಿನಾ ಹೋಗಿ ಗುದ್ದುತ್ತಿದ್ದಳು.

"ಅತ್ತೆ, ತೊಟ್ಟಿ ನೋಡ್ಬೇಡಿ. ಕಣ್ಣು ಎಲ್ಲಿರುತ್ತೋ ಗಾಡಿ ಅಲ್ಲಿಗೇ ಹೋಗುತ್ತೆ. ಹೋಗ್ಬೇಕಾದ ಕಡೆ ನೋಡಿ."

"ಅಷ್ಟೇನಾ? ಸೂಜಿನೇ ನೋಡ್ತಾ ಕೂತ್ರೆ ಹೊಲಿಗೆ ಸೊಟ್ಟಗಾಗುತ್ತೆ, ಮುಂದಿನ ಗೆರೆ ನೋಡ್ಬೇಕು. ಮೊದ್ಲೇ ಹೀಗೆ ಹೇಳೋದಲ್ವೇನೇ!"

ಅಂದಿನಿಂದ ತೊಟ್ಟಿ ಬದುಕಿಕೊಂಡಿತು.

ಮುಂದೊಂದು ಸಂಜೆ ಟೈಲರಮ್ಮ ಬೀದಿಯ ಕೊನೆಯಲ್ಲಿ ಬೈಕು ತಿರುಗಿಸಿಕೊಂಡು ನಿಂತಳು. ಬೀದಿ ಖಾಲಿಯಿತ್ತು. ಅವಳು ಗೇಟಿನ ಮುಂದೆ ಕೂತಿದ್ದ ಗಂಡನನ್ನೇ ದಿಟ್ಟಿಸುತ್ತ ಹೊರಟಳು. ಗಾಡಿ ಕಣ್ಣಿನ ಮಾತು ಕೇಳಿತು.

"ಲೇ! ಲೇ! ರೋಡ್ ನೋಡೇ!" ಗಂಡ ಕಡಲೆಕಾಯಿ ಚೆಲ್ಲಿ, ಕುರ್ಚಿ ಬಿಟ್ಟು, ಗೇಟು ಹತ್ತಿದ.

ಬೈಕು ಕುರ್ಚಿಯಿಂದ ಒಂದು ಮಾರು ದೂರದಲ್ಲಿ ಮೆತ್ತಗೆ ನಿಂತಿತು. ಟೈಲರಮ್ಮ ಹೆಲ್ಮೆಟ್ಟು ತೆಗೆದು, ಅದೇ ಕುರ್ಚಿಯಲ್ಲಿ ಆರಾಮಾಗಿ ಕೂತಳು.

"ಇಳೀರಿ. ಬ್ರೇಕ್ ಹಾಕೋದು ಹೋದ ವಾರನೇ ಕಲ್ತೆ. ನಿಮಗೆ ಹೇಳೋದು ಮರ್ತೇಹೋಗಿತ್ತು."