ಮೊದಲ ಸೀಸೆಯ ಗಾಳಿ

ಅವ್ವ ಆ ದಿನ ಗದ್ದೆಗೆ ಬಂದಿದ್ದಳೋ ಇಲ್ಲವೋ, ಖಚಿತವಾಗಿ ಹೇಳಲಾರೆ. ಬಂದಿದ್ದಳೆಂದು ನನ್ನ ನೆನಪು. ಆ ನೆನಪನ್ನು ನಾನು ನಂಬುವುದಿಲ್ಲ.

ಆಗ ನಾನು ಲಿಂಗಂಪಲ್ಲಿಯ ಆಚೆ ಒಂದು ಭತ್ತದ ಗದ್ದೆಯಲ್ಲಿ ಮೀಥೇನ್ ಅಳೆಯುತ್ತಿದ್ದೆ. ನೀರು ನಿಂತ ಕೆಸರಿನಿಂದ ಆ ಅನಿಲ ಏಳುತ್ತದೆ. ಪೈರಿನ ಸುತ್ತ ತಳವಿಲ್ಲದ ಪೆಟ್ಟಿಗೆಯಿಟ್ಟು ಮುಚ್ಚಳ ಬಿಗಿದು, ಕೂಡಲೇ ಒಮ್ಮೆ, ಆಮೇಲೆ ಆಗಾಗ, ಒಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ಸೀಸೆಗಳಿಗೆ ತುಂಬಬೇಕು. ಯಾವ ಸೀಸೆಯಲ್ಲಿ ಮೀಥೇನ್ ಎಷ್ಟು, ಕಾರ್ಬನ್ ಡೈಆಕ್ಸೈಡ್ ಎಷ್ಟು ಎಂದು ಲ್ಯಾಬಿನ ಯಂತ್ರ ಹೇಳುತ್ತದೆ. ಮುಚ್ಚಳ ಹಾಕುವಾಗ ಮುಖ ತಿರುಗಿಸಿಕೊಳ್ಳುವುದು ನಮ್ಮ ರೂಢಿ. ಮನುಷ್ಯರ ಉಸಿರಿನ ಕಾರ್ಬನ್ ಡೈಆಕ್ಸೈಡ್ ಸೇರಿದರೆ ಅಳತೆ ಕೆಡುತ್ತದೆ.

ಆ ದಿನ ಬೆಳಿಗ್ಗೆ ಬೇಗಂಪೇಟೆಯ ಆಸ್ಪತ್ರೆಯಿಂದ ಅವ್ವನನ್ನು ಕರೆತರುವಾಗ ಗದ್ದೆಯ ಹತ್ತಿರ ಆಟೋ ನಿಲ್ಲಿಸಿದೆ. ಅದಾದ ಮೇಲೆ ಮತ್ತೊಮ್ಮೆ ಆಸ್ಪತ್ರೆಗೆ ಹೋದವಳು ಮನೆಗೆ ಮರಳಲಿಲ್ಲ. ಆ ದಿನ ಮಾತ್ರ ನನ್ನ ಹೆಗಲು ಹಿಡಿದು ಬದುವಿನ ಮೇಲೆ ನಡೆದುಬಂದು, ಇನ್ನೂ ಮುಚ್ಚಳ ಹಾಕದ ಪೆಟ್ಟಿಗೆಯೊಳಗೆ ಬಗ್ಗಿ ನೋಡಿದಳು.

“ಖಾಲಿ ಡಬ್ಬಿ ಕಾಯಾಕ ಇಷ್ಟು ಓದಿದೇನೋ?”

“ಅವ್ವಾ, ಮಾರಿ ಆ ಕಡೆ ಮಾಡು. ನಿನ್ನ ಉಸಿರು ಒಳಗ ಹೋಗತೈತಿ.”

“ಹೋಗಲಿ ಬಿಡು. ನನ್ನ ಉಸಿರೇನು ವಿಷ ಐತೇನು? ಇದ ಉಸಿರಿಲೆ ಊದಿ ಊದಿ ನಿನ್ನ ಹಾಲು ಆರಿಸೀನಿ.”

ಅವ್ವ ಹೋದ ಮೇಲೆ ಒಮ್ಮೆ ಅಕ್ಕನಿಗೆ ಇದನ್ನು ಹೇಳಿದೆ. ಮೆಂತ್ಯ ಸೊಪ್ಪು ಸೋಸುತ್ತಿದ್ದವಳು ತಲೆಯೆತ್ತಿದಳು.

“ಏನ್ ಹೇಳಾಕತ್ತೀಯೋ? ಆವತ್ತು ದವಾಖಾನಿಗೆ ಕರ್ಕೊಂಡು ಹೋದಾಕಿ ನಾನು. ಸೀದಾ ಮನಿಗೆ ಬಂದ್ವಿ. ಆಕಿಗೆ ನಮ್ಮ ಮನಿ ಜೀನಾದ ಮೆಟ್ಟಲ ಹತ್ತಾಕ ಭಾಳ ತ್ರಾಸ ಆಗತಿತ್ತು, ಬದುವಿನ ಮ್ಯಾಲೆ ಎಲ್ಲಿ ನಡೀತಾಳ? ಕನಸು ಕಂಡೀ ನೀ.”

ಅಕ್ಕ ಸುಳ್ಳಾಡುವವಳಲ್ಲ. ಹಾಲಿನ ಮಾತನ್ನು ಅವ್ವ ಬೇರೆಲ್ಲೋ ಆಡಿದ್ದಿರಬಹುದು. ಗದ್ದೆಯನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಆದರೆ ಆ ಬೆಳಿಗ್ಗೆಯೂ ಹೋದರೆ, ಅವಳ ಕೊನೆಯ ದಿನಗಳಲ್ಲಿ ನನಗೆ ಉಳಿಯುವುದು ಆಸ್ಪತ್ರೆಯ ಮಂಚ, ಮೂಗಿನ ಕೊಳವೆ, ಇಷ್ಟೇ.

ಆಸ್ಪತ್ರೆಯ ಚೀಟಿಯ ತಾರೀಖು ಹಿಡಿದು ಆ ದಿನದ ಅಳತೆಗಳನ್ನು ಹಳೆಯ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದೆ. ಬೇರೆ ದಿನಗಳ ಮೊದಲ ಸೀಸೆಗಳಲ್ಲಿ ಹೊರಗಿನ ಗಾಳಿಯಷ್ಟೇ ಕಾರ್ಬನ್ ಡೈಆಕ್ಸೈಡ್ ಇತ್ತು. ಆ ದಿನದ ಮೊದಲ ಸೀಸೆಯಲ್ಲಿ ಅದು ಬಹಳ ಹೆಚ್ಚಿತ್ತು. ಕೆಸರು ಕದಡಿ ಅದು ಬಂದಿದ್ದರೆ ಜೊತೆಗೆ ಮೀಥೇನೂ ಏರಬೇಕಿತ್ತು. ಮೀಥೇನ್ ಎಂದಿನಷ್ಟೇ ಇತ್ತು. ಆಗ ಆ ಸೀಸೆಯದನ್ನು ಕೆಟ್ಟ ಅಳತೆಯೆಂದು ಬಿಟ್ಟುಬಿಟ್ಟಿದ್ದೆ.

ಯಾರ ಉಸಿರೆಂದು ಯಂತ್ರ ಹೇಳುವುದಿಲ್ಲ. ನನ್ನದೇ ಇದ್ದೀತು. ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡದ್ದು ಇಷ್ಟು: ಆ ಬೆಳಿಗ್ಗೆ ಮುಚ್ಚಳ ಹಾಕುವ ಮುಂಚೆ ಪೆಟ್ಟಿಗೆಯೊಳಗೆ ಯಾರೋ ಉಸಿರು ಬಿಟ್ಟಿದ್ದರು.